ಮಾಜಾಂಗ್ ಆಟಕ್ಕೆ ವಯಸ್ಸೆಷ್ಟು?

ನಮ್ಮ ಕರಾವಳಿಗೆ ಚೀನಾ ಎಂಬ ಹೆಸರು ಹೊಸತಲ್ಲ. ಉಪ್ಪಿನಕಾಯಿ ಹಾಕಿಡುವ ಹಳೆಯ ಕಾಲದ ಹೊಳಪಿನ ಭರಣಿಗೆ ನಮ್ಮ ಹಿರಿಯರು ‘ಚೀನಾ ಭರಣಿ’ ಅನ್ನುತ್ತಿದ್ದರು. ಸಿಹಿಕುಂಬಳಕ್ಕೆ ನಾವು ಈಗಲೂ ಚೀನಿಕಾಯಿ ಅಂತಲೇ ಹೇಳುವುದು. ರೇಷ್ಮೆ ಬಟ್ಟೆಗೆ ‘ಚೀನಾಂಬರ’ ಎಂಬ ಮಾತು ಕಾವ್ಯಗಳಲ್ಲಿ ಉಂಟು. ತೆಂಕಕ್ಕೆ ಕೊಚ್ಚಿಯವರೆಗೆ ಹೋದರೆ ಕಡಲ ಬದಿಯಲ್ಲಿ ಚೀನಾ ಬಲೆಗಳು ಕಾಣುತ್ತವೆ. 1405ರಿಂದ 1433ರ ನಡುವೆ ಏಳು ಸಲ ದೊಡ್ಡ ಹಡಗುಪಡೆ ಕಟ್ಟಿಕೊಂಡು ಹೊರಟ ಚೀನಾದ ಝೆಂಗ್ ಹ ಕಲ್ಲಿಕೋಟೆಗೆ ಬಂದ ಸಂಗತಿಯನ್ನು ನಾನೇ ತರಗತಿಯಲ್ಲಿ ಎಷ್ಟೋ ವರ್ಷ ಪಾಠ ಮಾಡಿದ್ದೇನೆ.

ಪಾತ್ರೆ ಬಂತು, ಬಟ್ಟೆ ಬಂತು, ಬಲೆ ಬಂತು. ಆದರೆ ಚೀನಾದವರು ಮನೆಮನೆಯಲ್ಲಿ ಆಡುವ ಮಾಜಾಂಗ್ ಆಟ ಆ ಹಡಗುಗಳಲ್ಲಿ ಬರಲಿಲ್ಲ. ಬರಲು ಸಾಧ್ಯವೂ ಇರಲಿಲ್ಲ. ಯಾಕೆಂದರೆ ಆಗ ಆ ಆಟ ಹುಟ್ಟಿಯೇ ಇರಲಿಲ್ಲ. ಈ ಲೇಖನದಲ್ಲಿ ನಾನು ಹೇಳಹೊರಟದ್ದು ಅದನ್ನೇ. ಒಂದು ಆಟದ ವಯಸ್ಸನ್ನು ಪತ್ತೆ ಮಾಡುವುದು ಹೇಗೆ, ಮತ್ತೆ ಆ ವಯಸ್ಸಿನ ವಿಷಯದಲ್ಲಿ ಜನ ಸುಳ್ಳು ಯಾಕೆ ಹೇಳುತ್ತಾರೆ ಎಂಬುದನ್ನು.

ನನಗೆ ಈ ಆಟ ಕಲಿಸಿದವಳು ನನ್ನ ಅಕ್ಕನ ಮಗಳು. ಮದುವೆಯಾಗಿ ಸಿಂಗಾಪುರದಲ್ಲಿದ್ದಾಳೆ. ಅಲ್ಲಿ ಅವಳ ಪಕ್ಕದ ಮನೆಯ ಚೀನೀ ಅಜ್ಜಿಯೊಬ್ಬರು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ್ದಂತೆ. ಒಂದು ಮಳೆಗಾಲಕ್ಕೆ ಊರಿಗೆ ಬಂದಾಗ ಅವಳು ಒಂದು ಪೆಟ್ಟಿಗೆ ತಂದಳು. ತೆರೆದರೆ ಸಾಲು ಸಾಲು ಕಾಯಿಗಳು. ಹೆಬ್ಬೆರಳಿನ ತುದಿಯಷ್ಟು ಅಗಲ, ಇಟ್ಟಿಗೆಯ ಮರಿಯ ಹಾಗೆ ಆಕಾರ. ಹಿಂಬದಿ ಎಲ್ಲವೂ ಒಂದೇ ತರಹ, ಮುಂಬದಿಯಲ್ಲಿ ಬೇರೆ ಬೇರೆ ಚಿತ್ರ. “ಮಾವ, ನಿಮಗೆ ರಮ್ಮಿ ಗೊತ್ತುಂಟಲ್ಲ? ಹಾಗಾದರೆ ಅರ್ಧ ಆಟ ಬಂದ ಹಾಗೆ” ಅಂದಳು.

ಪೆಟ್ಟಿಗೆಯೊಳಗೆ ಒಂದು ಚೀಟಿಯೂ ಇತ್ತು. ಈ ಆಟವನ್ನು 2,500 ವರ್ಷಗಳ ಹಿಂದೆ ಮಹಾಜ್ಞಾನಿ ಕನ್‌ಫ್ಯೂಷಿಯಸ್ ಕಂಡುಹಿಡಿದ ಅಂತ ಅದರಲ್ಲಿ ಅಚ್ಚಾಗಿತ್ತು. ಇತಿಹಾಸದ ಮೇಷ್ಟ್ರಿಗೆ ಇಷ್ಟು ಸಾಕು. ಆಟ ಕಲಿಯುವುದರ ಜೊತೆಗೆ ಆ ಮಾತಿನ ಬೆನ್ನು ಹತ್ತಿದೆ.

ಮೊದಲು ಆಟವನ್ನೇ ಹೇಳಿಬಿಡುತ್ತೇನೆ. ಅದು ತಿಳಿಯದಿದ್ದರೆ ಚರಿತ್ರೆಯೂ ತಲೆಗೆ ಹೋಗುವುದಿಲ್ಲ.

ಕಾಯಿಗಳಲ್ಲಿ ಮೂರು ಬಣ ಉಂಟು. ಇಸ್ಪೀಟಿನಲ್ಲಿ ಆಟೀನು, ಕಳಾವರ ಇದ್ದ ಹಾಗೆ. ಒಂದನೆಯದು ದುಂಡು ಚಕ್ರಗಳ ಬಣ. ಎರಡನೆಯದು ಬಿದಿರು ಕಡ್ಡಿಯ ಹಾಗೆ ಕಾಣುವ ಬಣ. ಮೂರನೆಯದು ಚೀನೀ ಅಕ್ಷರಗಳ ಬಣ. ಒಂದೊಂದರಲ್ಲಿ ಒಂದರಿಂದ ಒಂಬತ್ತರ ವರೆಗೆ ಸಂಖ್ಯೆ, ಪ್ರತಿ ಸಂಖ್ಯೆಗೂ ನಾಲ್ಕು ನಾಲ್ಕು ಕಾಯಿ. ಅಂದರೆ 9 × 4 × 3, ಒಟ್ಟು 108. ಇದರ ಮೇಲೆ ನಾಲ್ಕು ದಿಕ್ಕಿನ ಗಾಳಿಗಳು, ನಾಲ್ಕು ನಾಲ್ಕರಂತೆ 16. ಮತ್ತೆ ಕೆಂಪು, ಹಸಿರು, ಬಿಳಿ ಎಂಬ ಮೂರು ವಿಶೇಷ ಕಾಯಿಗಳು, ನಾಲ್ಕು ನಾಲ್ಕರಂತೆ 12. ಕೊನೆಗೆ ಹೂವು ಮತ್ತು ಋತುಗಳ 8 ಕಾಯಿ. 108ಕ್ಕೆ 16, 12, 8 ಕೂಡಿಸಿದರೆ 144. ಸಿಂಗಾಪುರದ ಪೆಟ್ಟಿಗೆಯಲ್ಲಿ ಇನ್ನೂ ನಾಲ್ಕು ಇರುತ್ತವೆ: ಬೆಕ್ಕು, ಇಲಿ, ಹುಂಜ, ಜರಿ. ಬೆಕ್ಕು ಇಲಿಯನ್ನು ಹಿಡಿಯುತ್ತದೆ, ಹುಂಜ ಜರಿಯನ್ನು ಹಿಡಿಯುತ್ತದೆ ಎಂಬ ಲೆಕ್ಕ. ನಾವು ಕಲಿಯುವಾಗ ಆ ನಾಲ್ಕನ್ನು ಬದಿಗಿಟ್ಟೆವು.

ಆಡಲು ನಾಲ್ಕು ಜನ ಬೇಕು. ಮೊದಲು ಕಾಯಿಗಳನ್ನೆಲ್ಲ ಮೇಜಿನ ಮೇಲೆ ಕವುಚಿ ಹಾಕಿ ಎರಡೂ ಕೈಯಿಂದ ಕಲಸುವುದು. ಚೀನಾದವರು ಇದಕ್ಕೆ ‘ಕಾಯಿ ತೊಳೆಯುವುದು’ ಅನ್ನುತ್ತಾರೆ. ಆಗ ಏಳುವ ಚಟಪಟ ಸದ್ದು ಗುಬ್ಬಚ್ಚಿಗಳ ಗಲಾಟೆಯಂತೆ ಇರುತ್ತದೆ. ಅವರ ಭಾಷೆಯಲ್ಲಿ ಆಟದ ಹಳೆಯ ಹೆಸರಿನ ಅರ್ಥವೂ ಗುಬ್ಬಚ್ಚಿಯೇ. ಆಮೇಲೆ ಒಬ್ಬೊಬ್ಬರೂ ತಮ್ಮ ಮುಂದೆ 18 ಕಾಯಿ ಉದ್ದ, ಎರಡು ಕಾಯಿ ಎತ್ತರದ ಗೋಡೆ ಕಟ್ಟಬೇಕು. ನಾಲ್ಕು ಗೋಡೆ ಸೇರಿ ಒಂದು ಚೌಕದ ಕೋಟೆ ಆಗುತ್ತದೆ. ದಾಳ ಹಾಕಿ ಕೋಟೆ ಎಲ್ಲಿ ಒಡೆಯಬೇಕೆಂದು ತೀರ್ಮಾನಿಸಿ, ಅಲ್ಲಿಂದ ಒಬ್ಬೊಬ್ಬರೂ 13 ಕಾಯಿ ತೆಗೆದುಕೊಳ್ಳುತ್ತಾರೆ. ಮುಂದೆ ರಮ್ಮಿಯ ಹಾಗೆಯೇ ಒಂದು ಎತ್ತುವುದು, ಒಂದು ಬಿಡುವುದು. ಒಂದೇ ಬಣದ ಅನುಕ್ರಮ ಮೂರು, ಇಲ್ಲವೇ ಒಂದೇ ತರಹದ ಮೂರು, ಇಂಥ ನಾಲ್ಕು ಗುಂಪು ಮತ್ತು ಒಂದು ಜೋಡಿ, ಹೀಗೆ 14 ಕಾಯಿ ಮೊದಲು ಕೂಡಿಸಿದವರು ಗೆದ್ದರು.

ಬೇರೆಯವರು ಬಿಟ್ಟ ಕಾಯಿಯನ್ನು ಕೂಗಿ ಎತ್ತಿಕೊಳ್ಳಬಹುದು. ಒಂದೇ ತರಹದ ಮೂರನೆಯ ಕಾಯಿ ಆದರೆ ‘ಪಂಗ್’ ಎಂದು ಯಾರು ಬೇಕಾದರೂ ಕೂಗಬಹುದು. ನಾಲ್ಕನೆಯದಾದರೆ ‘ಕಾಂಗ್’. ಅನುಕ್ರಮಕ್ಕೆ ಬೇಕಾದ ಕಾಯಿಯನ್ನು ಮಾತ್ರ ನಮಗಿಂತ ಹಿಂದಿನ ಸರದಿಯವರು ಬಿಟ್ಟಾಗಲಷ್ಟೇ ಎತ್ತಬಹುದು. ಅದಕ್ಕೆ ಕೂಗುವ ಚೀನೀ ಮಾತಿನ ಅರ್ಥ ‘ತಿನ್ನು’.

ಒಂದು ತಮಾಷೆ ಉಂಟು. ಇಲ್ಲಿ ಪೂರ್ವದಲ್ಲಿ ಕೂತವರ ಬಲಗೈ ಬದಿಗೆ ದಕ್ಷಿಣ ಬರುತ್ತದೆ. ನಿಜವಾಗಿ ಪೂರ್ವದಲ್ಲಿ ಕೂತು ಪಶ್ಚಿಮಕ್ಕೆ ಮುಖ ಮಾಡಿದವರ ಬಲಕ್ಕೆ ಉತ್ತರ ಬರಬೇಕು. ನನ್ನ ಜೊತೆ ಆಡಲು ಕೂತ ನೆರೆಮನೆಯ ಭೂಗೋಳದ ಮೇಷ್ಟ್ರು ಇದನ್ನು ಒಪ್ಪಲೇ ಇಲ್ಲ. “ಎಂತ ಮಾರಾಯ್ರೆ, ಇವರ ಸೂರ್ಯ ಎಲ್ಲಿ ಹುಟ್ಟುವುದು?” ಅಂತ ಕೇಳಿದರು. ಆಟ ಆಡುವವರು ಈ ತಿರುಗುಮುರುಗು ದಿಕ್ಕನ್ನು ಒಪ್ಪಿಕೊಂಡೇ ಕೂರುತ್ತಾರೆ.

ಇನ್ನು ಚರಿತ್ರೆಗೆ ಬರುತ್ತೇನೆ. ಶಾಸನವನ್ನು ಓದುವಾಗ ನಾವು ಏನು ಮಾಡುತ್ತೇವೆ? ಅರಸನ ಹೊಗಳಿಕೆಯನ್ನು ಬದಿಗಿಟ್ಟು ಲಿಪಿ ಯಾವ ಕಾಲದ್ದು, ಹೇಳಿದ ನಾಣ್ಯ ಯಾವುದು, ಅಳತೆ ಯಾವುದು ಅಂತ ನೋಡುತ್ತೇವೆ. ಈ ಕಾಯಿಗಳನ್ನೂ ಹಾಗೆಯೇ ಓದಬಹುದು.

ದುಂಡು ಚಕ್ರದ ಬಣ ಬೇರೇನೂ ಅಲ್ಲ, ಕಾಸು. ಚೀನಾದ ಹಳೆಯ ಕಾಸು ದುಂಡಗೆ ಇದ್ದು ನಡುವೆ ಚೌಕ ತೂತು ಇರುತ್ತಿತ್ತು. 1943ರಿಂದ 1947ರ ವರೆಗೆ ನಮ್ಮಲ್ಲಿಯೂ ತೂತಿನ ಕಾಸು ಚಲಾವಣೆಯಲ್ಲಿತ್ತು. ಹಿರಿಯರ ಪೆಟ್ಟಿಗೆಯ ತಳದಲ್ಲಿ ಒಂದೆರಡು ಇನ್ನೂ ಸಿಗಬಹುದು. ತೂತು ಇದ್ದರೆ ದಾರದಲ್ಲಿ ಪೋಣಿಸಬಹುದಲ್ಲ. ಹಾಗೆ ಪೋಣಿಸಿದ ಕಾಸಿನ ಸರವೇ ಎರಡನೆಯ ಬಣ. ಚೀನೀ ಭಾಷೆಯಲ್ಲಿ ಆ ಬಣದ ಹಳೆಯ ಹೆಸರಿಗೆ ‘ಹಗ್ಗ’, ‘ಸರ’ ಎಂಬ ಅರ್ಥ. ಸರದ ಚಿತ್ರ ಬರೆಯುತ್ತಾ ಬರೆಯುತ್ತಾ ಗಿಣ್ಣು ಗಿಣ್ಣಿನ ಕಡ್ಡಿಯಾಯಿತು. ಹೊರಗಿನವರು ಅದನ್ನು ನೋಡಿ ಬಿದಿರು ಅಂದರು. ಈ ಬಣದ ಒಂದನೆಯ ಕಾಯಿಯ ಮೇಲೆ ಮಾತ್ರ ಕಡ್ಡಿಯ ಬದಲು ಒಂದು ಹಕ್ಕಿ ಕೂತಿರುತ್ತದೆ. ಮೂರನೆಯ ಬಣದ ಅಕ್ಷರ ‘ವಾನ್’, ಅಂದರೆ ಹತ್ತು ಸಾವಿರ. ಬಿಡಿ ಕಾಸು, ಕಾಸಿನ ಸರ, ಹತ್ತು ಸಾವಿರ. ಹೀಗೆ ಮೂರೂ ಬಣ ಸೇರಿದರೆ ಅದೊಂದು ಅಂಗಡಿಯ ಲೆಕ್ಕಪುಸ್ತಕ.

ಈಗ ಕನ್‌ಫ್ಯೂಷಿಯಸ್ ಮಾತಿಗೆ ಬನ್ನಿ. ಅವನ ಕಾಲ ಕ್ರಿ.ಪೂ. 551ರಿಂದ 479. ಆಗ ಚೀನಾದಲ್ಲಿ ಇದ್ದ ಲೋಹದ ಹಣ ಗುದ್ದಲಿಯ ಆಕಾರದ್ದು, ಚೂರಿಯ ಆಕಾರದ್ದು. ಚೌಕ ತೂತಿನ ದುಂಡು ಕಾಸು ದೇಶಕ್ಕೆಲ್ಲ ಒಂದೇ ಹಣವಾದದ್ದು ಕ್ರಿ.ಪೂ. 221ರಲ್ಲಿ ಛಿನ್ ಅರಸ ಇಡೀ ಚೀನಾವನ್ನು ಒಟ್ಟು ಮಾಡಿದ ಮೇಲೆ. ಕನ್‌ಫ್ಯೂಷಿಯಸ್ ಸತ್ತು ಆಗಲೇ ಇನ್ನೂರೈವತ್ತು ವರ್ಷ ದಾಟಿತ್ತು. ಕಾಸಿನ ಸರದ ಚಿತ್ರ ಇರುವ ಆಟವನ್ನು ಆತ ಹೇಗೆ ಮಾಡಿಯಾನು? ಹಾಗೆಂದು ಆತ ಆಟದ ಮಾತೇ ಎತ್ತಲಿಲ್ಲ ಅಂತಲ್ಲ. ದಿನವಿಡೀ ಉಂಡು ಸುಮ್ಮನೆ ಕೂರುವುದಕ್ಕಿಂತ ಆಟ ಆಡುವುದಾದರೂ ಮೇಲು ಎಂಬ ಅರ್ಥದ ಮಾತು ಅವನ ಹೆಸರಿನಲ್ಲಿ ಉಂಟು. ಆದರೆ ಅಲ್ಲಿ ಹೇಳಿದ ಆಟಗಳು ಬೇರೆ. ಅವು ಮಣೆಯ ಮೇಲೆ ಆಡುವಂಥವು.

ಹಾಗಾದರೆ ಕಾಸಿನ ಚಿತ್ರ ಆಟಕ್ಕೆ ಬಂದದ್ದು ಯಾವಾಗ? ಇಲ್ಲಿ ನಮಗೆ ಲಿಖಿತ ಸಾಕ್ಷಿ ಉಂಟು. ಮಿಂಗ್ ಕಾಲದ ಲೂ ರೋಂಗ್ (1436–1494) ಎಂಬ ಅಧಿಕಾರಿ ತನ್ನ ಟಿಪ್ಪಣಿಗಳಲ್ಲಿ ತನ್ನ ಸೀಮೆಯ ಜನ ಆಡುವ ಕಾಗದದ ಎಲೆಗಳ ಬಗ್ಗೆ ಬರೆದಿಟ್ಟಿದ್ದಾನೆ. ಬಿಡಿ ಕಾಸಿನ ಎಲೆಗಳು, ನೂರರ ಎಲೆಗಳು, ಹತ್ತು ಸಾವಿರದ ಎಲೆಗಳು, ಒಟ್ಟು 38. ದೊಡ್ಡ ಬೆಲೆಯ ಎಲೆಗಳ ಮೇಲೆ ಜನಪ್ರಿಯ ಕಥೆಗಳ ದರೋಡೆಕೋರ ವೀರರ ಚಿತ್ರ. ಈ ಎಲೆಯಾಟಗಳು ಮುಂದಿನ ಮುನ್ನೂರು ನಾನೂರು ವರ್ಷ ಬೇರೆ ಬೇರೆ ರೂಪದಲ್ಲಿ ನಡೆದವು. ಅಂದರೆ ಮಾಜಾಂಗಿನ ಅಜ್ಜ ಹಳಬ, ಮಾಜಾಂಗ್ ಮಾತ್ರ ಮೊಮ್ಮಗ.

ಈ ಮೊಮ್ಮಗ ಹುಟ್ಟಿದ್ದು 19ನೆಯ ಶತಮಾನದ ನಡುಭಾಗದ ನಂತರ, ಚೀನಾದ ಪೂರ್ವ ಕರಾವಳಿಯ ಕಡೆ. ನಿಂಗ್ಬೋ ಎಂಬ ಬಂದರಿನ ಹೆಸರು ಇಲ್ಲಿ ಮುಖ್ಯ. ಅಫೀಮಿನ ಯುದ್ಧದಲ್ಲಿ ಚೀನಾ ಸೋತ ಮೇಲೆ 1842ರ ಒಪ್ಪಂದದಂತೆ ಪರದೇಶದ ವ್ಯಾಪಾರಕ್ಕೆ ತೆರೆದ ಐದು ಬಂದರುಗಳಲ್ಲಿ ಅದೂ ಒಂದು. ಆ ಊರಿನ ಚೆನ್ ಯೂಮನ್ (1817–1878) ಎಂಬವನು 1864ರ ಸುಮಾರಿಗೆ ಕಾಗದದ ಎಲೆಗಳನ್ನು ಬಿಟ್ಟು ಎಲುಬು ಬಿದಿರಿನ ಕಾಯಿಗಳನ್ನು ಬಳಕೆಗೆ ತಂದ ಅಂತ ನಿಂಗ್ಬೋದವರು ಹೇಳುತ್ತಾರೆ. ಕಡಲಿನ ಜನ ಆದ್ದರಿಂದ ಅವರಲ್ಲಿ ಇನ್ನೊಂದು ವಿವರಣೆಯೂ ಉಂಟು. ಸರ ಅಂದರೆ ಹಡಗಿನ ಹಗ್ಗ, ಚಕ್ರ ಅಂದರೆ ನೀರಿನ ಪೀಪಾಯಿ, ಗಾಳಿಗಳಂತೂ ಹಾಯಿ ಹಡಗಿನವರಿಗೆ ಬೇಕೇ ಬೇಕು ಅಂತ. ಕೇಳಲು ಚಂದ. ಆದರೆ ಕಾಸಿನ ಎಲೆಗಳು ಅದಕ್ಕಿಂತ ನಾಲ್ಕು ಶತಮಾನ ಹಿಂದಿನವು ಎಂಬುದನ್ನು ಮರೆಯಬಾರದು.

ಒಬ್ಬನೇ ಕೂತು ಒಂದು ದಿನ ಈ ಆಟ ಮಾಡಿದ ಅಂತ ನನಗೆ ಕಾಣುವುದಿಲ್ಲ. ಅದಕ್ಕೆ ಕಾರಣ ವಸ್ತುಸಾಕ್ಷಿ. ಫೂಚೌ ಬಂದರಿನ ಸುಂಕದ ಇಲಾಖೆಯಲ್ಲಿದ್ದ ಜಾರ್ಜ್ ಗ್ಲೋವರ್ ಎಂಬ ಅಮೆರಿಕದವನು 1870ರ ದಶಕದಲ್ಲಿ ಸಂಗ್ರಹಿಸಿದ ಪೆಟ್ಟಿಗೆಗಳು ನ್ಯೂಯಾರ್ಕಿನ ವಸ್ತುಸಂಗ್ರಹಾಲಯಗಳಿಗೆ ಸೇರಿದವು. ಅವುಗಳಲ್ಲಿ ಕಾಸು, ಸರ, ಹತ್ತು ಸಾವಿರ ಮೂರೂ ಇವೆ, ಗಾಳಿಗಳೂ ಇವೆ. ಆದರೆ ಈಗಿನ ಪೆಟ್ಟಿಗೆಯಲ್ಲಿ ಇಲ್ಲದ ‘ರಾಜ’ ಎಂಬ ಕಾಯಿಗಳು ಕೂಡ ಇವೆ. ಅಂದರೆ ಆಗ ಆಟ ಇನ್ನೂ ಬೆಳೆಯುತ್ತಿತ್ತು. ಒಂದು ಊರಿನವರು ಒಂದು ಕಾಯಿ ಸೇರಿಸಿದರು, ಇನ್ನೊಂದು ಊರಿನವರು ಒಂದು ತೆಗೆದರು. ನಮ್ಮ ಯಕ್ಷಗಾನದ ತೆಂಕುತಿಟ್ಟು ಬಡಗುತಿಟ್ಟಿನ ಹಾಗೆ ಸಿಂಗಾಪುರಕ್ಕೆ ಒಂದು ಕ್ರಮ, ಹಾಂಗ್‌ಕಾಂಗಿಗೆ ಒಂದು ಕ್ರಮ, ಜಪಾನಿಗೆ ಇನ್ನೊಂದು. ಜಪಾನಿಗೆ ಅದು ಹೋದದ್ದು 1909ರಲ್ಲಿ. ಚೀನಾದಲ್ಲಿ ಪಾಠ ಹೇಳಿ ಊರಿಗೆ ಮರಳಿದ ಒಬ್ಬ ಶಿಕ್ಷಕನ ಪೆಟ್ಟಿಗೆಯಲ್ಲಿ.

ವಾಚನಾಲಯದ ಪುಸ್ತಕದಲ್ಲಿ ಹೇಳಲೇಬೇಕಾದ ಒಂದು ಸಂಗತಿ ಉಂಟು. ನಿಂಗ್ಬೋದಲ್ಲಿ ಟಿಯೆನ್ಯೀ ಎಂಬ ಹೆಸರಿನ ಹಳೆಯ ಗ್ರಂಥಾಲಯ ಉಂಟು. 1561ರಲ್ಲಿ ಫಾನ್ ಛಿನ್ ಎಂಬ ನಿವೃತ್ತ ಅಧಿಕಾರಿ ಕಟ್ಟಲು ಶುರು ಮಾಡಿದ್ದು. ಚೀನಾದಲ್ಲಿ ಇಂದಿಗೂ ಉಳಿದಿರುವ ಖಾಸಗಿ ಗ್ರಂಥಾಲಯಗಳಲ್ಲಿ ಅದೇ ಅತ್ಯಂತ ಹಳೆಯದು. ಮಾಜಾಂಗಿನ ಚರಿತ್ರೆ ಹೇಳುವ ವಸ್ತುಸಂಗ್ರಹಾಲಯ ಈಗ ಇರುವುದು ಆ ಗ್ರಂಥಾಲಯದ ಆವರಣದಲ್ಲೇ. ಪುಸ್ತಕ ಇರುವಲ್ಲಿ ಆಟಕ್ಕೆ ಜಾಗ ಇಲ್ಲ ಎನ್ನುವವರಿಗೆ ಇದನ್ನು ತೋರಿಸಬಹುದು.

ಸರಿ, ಆಟದ ವಯಸ್ಸು ಹೆಚ್ಚೆಂದರೆ ನೂರೈವತ್ತು ನೂರರುವತ್ತು ವರ್ಷ. ಹಾಗಾದರೆ 2,500 ವರ್ಷದ ಕಥೆ ಎಲ್ಲಿಂದ ಬಂತು? ಅದು ಚೀನಾದ ಅಜ್ಜಿಯರು ಹೇಳಿದ್ದಲ್ಲ, ಮಾರುವವರು ಹೇಳಿದ್ದು.

ಜೋಸೆಫ್ ಬ್ಯಾಬ್‌ಕಾಕ್ ಎಂಬ ಅಮೆರಿಕದವನು ಸೂಚೌ ಎಂಬ ಊರಿನಲ್ಲಿ ಸೀಮೆಎಣ್ಣೆ ಕಂಪೆನಿಯ ನೌಕರಿಯಲ್ಲಿದ್ದ. ಅವನಿಗೆ ಈ ಆಟ ಹಿಡಿಸಿತು. ಲೆಕ್ಕ ಹಾಕುವ ಕ್ರಮವನ್ನು ಸುಲಭ ಮಾಡಿ, ಚೀನೀ ಅಕ್ಷರ ತಿಳಿಯದವರಿಗಾಗಿ ಕಾಯಿಯ ಮೂಲೆಯಲ್ಲಿ 1, 2, 3 ಅಂಕೆಗಳನ್ನು ಕೆತ್ತಿಸಿ, 1920ರಲ್ಲಿ ನಿಯಮಗಳ ಒಂದು ಚಿಕ್ಕ ಪುಸ್ತಕ ಬರೆದ. ‘ಮಾಜಾಂಗ್’ ಎಂದು ನಾವು ಈಗ ಹೇಳುವ ಹೆಸರು ಜಗತ್ತಿಗೆ ಹರಡಿದ್ದು ಅವನು ನೋಂದಾಯಿಸಿದ ವ್ಯಾಪಾರದ ಹೆಸರಿನಿಂದ. ಎರಡು ಮೂರು ವರ್ಷದಲ್ಲಿ ಅಮೆರಿಕಕ್ಕೆ ಮಾಜಾಂಗ್ ಹುಚ್ಚು ಹಿಡಿಯಿತು. ಶಾಂಘಾಯಿಯ ಕುಶಲಕರ್ಮಿಗಳಿಗೆ ಕಾಯಿ ಮಾಡಿ ಪೂರೈಸಲಿಕ್ಕಾಗಲಿಲ್ಲ. ಎಲುಬಿನ ಕೊರತೆ ಬಿದ್ದು ಅಮೆರಿಕದ ಕಸಾಯಿಖಾನೆಗಳಿಂದ ದನದ ಎಲುಬು ಹಡಗಿನಲ್ಲಿ ಚೀನಾಕ್ಕೆ ಹೋಗಿ, ಕಾಯಿಯಾಗಿ ತಿರುಗಿ ಅಮೆರಿಕಕ್ಕೆ ಬಂತು. ಎಲುಬಿನ ಹಿಂಬದಿಗೆ ಬಿದಿರನ್ನು ಬಡಗಿಗಳು ಪೆಟ್ಟಿಗೆಯ ಮೂಲೆ ಕೂಡಿಸುವ ಹಾಗೆ ಕಚ್ಚು ಮಾಡಿ ಕೂಡಿಸುತ್ತಿದ್ದರು. ಅಂಥ ಕಾಯಿ ಹಿಡಿದರೆ ಕೈಗೆ ತಂಪು. ಆಮೇಲೆ ಪ್ಲಾಸ್ಟಿಕ್ಕು ಬಂತು.

ಈ ಹುಚ್ಚಿನ ಕಾಲದಲ್ಲಿ ಪೆಟ್ಟಿಗೆ ಮಾರಲು ಒಳ್ಳೆಯ ಕಥೆ ಬೇಕಿತ್ತು. ಮೊನ್ನೆ ಮೊನ್ನೆ ಬಂದರಿನ ವ್ಯಾಪಾರಿಗಳು ಆಡುತ್ತಿದ್ದ ಆಟ ಅಂದರೆ ಯಾರು ಹೆಚ್ಚು ಹಣ ಕೊಡುತ್ತಾರೆ? ಕನ್‌ಫ್ಯೂಷಿಯಸ್ ಆಡಿದ್ದು, ಅರಮನೆಯೊಳಗೆ ಗುಟ್ಟಾಗಿದ್ದದ್ದು ಅಂದರೆ ಬೆಲೆ ಬರುತ್ತದೆ. ಕೆಂಪು, ಹಸಿರು, ಬಿಳಿ ಕಾಯಿಗಳಿಗೆ ‘ಡ್ರ್ಯಾಗನ್’ ಎಂಬ ಹೆಸರು ಇಟ್ಟದ್ದೂ ಈ ಹೊರಗಿನವರೇ. ಚೀನಾದವರು ಅವನ್ನು ಹಾಗೆ ಕರೆಯುವುದಿಲ್ಲ. ಕೆಂಪು ಕಾಯಿಯ ಅಕ್ಷರಕ್ಕೆ ‘ನಡು’ ಎಂಬ ಅರ್ಥ, ಹಸಿರಿನದಕ್ಕೆ ‘ಏಳಿಗೆ’ ಎಂಬ ಅರ್ಥ ಬರುತ್ತದೆ. ಬಿಳಿಯದು ಬರಿದು.

ಈ ಕಥೆಯನ್ನು ನಂಬಿದ್ದರಿಂದ ನಷ್ಟ ಏನು ಅಂತ ನೀವು ಕೇಳಬಹುದು. ನಷ್ಟ ಉಂಟು. ಕನ್‌ಫ್ಯೂಷಿಯಸ್ ಎಂಬ ಒಂದು ಹೆಸರು ಹಾಕಿದ ಕೂಡಲೇ ಎಷ್ಟೋ ಜನರ ಹೆಸರಿಲ್ಲದ ಕೆಲಸ ಅಳಿಸಿಹೋಗುತ್ತದೆ. ಕಾಗದದ ಎಲೆ ಅಚ್ಚು ಹಾಕಿದವರು, ಎಲುಬು ಕೊರೆದವರು, ಬಂದರಿನಲ್ಲಿ ಕೂತು ಒಂದೊಂದು ನಿಯಮ ಸೇರಿಸಿದವರು, ಮೊಮ್ಮಕ್ಕಳಿಗೆ ಕಲಿಸಿದ ಅಜ್ಜಿಯರು, ಇವರು ಯಾರೂ ಆ ಚೀಟಿಯಲ್ಲಿ ಇರುವುದಿಲ್ಲ. ನಮ್ಮ ಊರುಗಳಲ್ಲಿಯೂ ಹೀಗೆಯೇ ಅಲ್ಲವೇ? ಯಾರೋ ನಾಲ್ಕು ಮನೆಯವರು ಸೇರಿ ಬೆವರು ಸುರಿಸಿ ತೋಡಿದ ಕೆರೆ ಎರಡು ತಲೆಮಾರು ಕಳೆಯುವಷ್ಟರಲ್ಲಿ ಪಾಂಡವರು ತೋಡಿದ್ದು ಅಂತ ಆಗುತ್ತದೆ. ಪಾಂಡವರಿಗೆ ಅದರಿಂದ ಸಿಗುವುದು ಏನೂ ಇಲ್ಲ. ತೋಡಿದವರ ಹೆಸರು ಮಾತ್ರ ಹೋಯಿತು.

ಇನ್ನೊಂದು ಮಾತು ಹೇಳದೆ ಬಿಡುವಂತಿಲ್ಲ. ಇದು ಜೂಜಲ್ಲವೋ ಎಂಬುದು. ಹೌದು, ಹಣ ಇಟ್ಟು ಆಡಿ ಮನೆ ಹಾಳು ಮಾಡಿಕೊಂಡವರು ಚೀನಾದಲ್ಲಿ ಬೇಕಾದಷ್ಟು. ಅವರಲ್ಲೇ ಇದನ್ನು ಕಟುವಾಗಿ ಟೀಕಿಸಿದವರೂ ಇದ್ದರು. ಹೂ ಷಿ (1891–1962) ಎಂಬ ದೊಡ್ಡ ವಿದ್ವಾಂಸ, ಆಡುಮಾತಿನಲ್ಲಿ ಬರೆಯಬೇಕೆಂದು ಹೋರಾಡಿದವ, 1920ರ ದಶಕದ ಕೊನೆಗೆ ಮಾಜಾಂಗಿನ ಬಗ್ಗೆ ಬರೆಯುತ್ತಾ ಒಂದು ಲೆಕ್ಕ ಹಾಕಿದ. ದೇಶದಲ್ಲಿ ದಿನಕ್ಕೆ ಹತ್ತು ಲಕ್ಷ ಮೇಜುಗಳಲ್ಲಾದರೂ ಆಟ ನಡೆಯುತ್ತದೆ ಅಂತ ಇಟ್ಟುಕೊಳ್ಳಿ. ಮೇಜಿಗೆ ಎಂಟು ಸುತ್ತು, ಸುತ್ತಿಗೆ ಅರ್ಧ ಗಂಟೆ. ದಿನಕ್ಕೆ 40 ಲಕ್ಷ ಗಂಟೆ ಹೋಯಿತು. ದಿನಗಳಲ್ಲಿ ಹೇಳುವುದಾದರೆ ಸುಮಾರು 1,67,000 ದಿನ. ಅಫೀಮು, ಹುಡುಗಿಯರ ಕಾಲು ಕಟ್ಟುವ ಪದ್ಧತಿ, ಪರೀಕ್ಷೆಗಾಗಿ ಉರು ಹೊಡೆದು ಬರೆಯುವ ಪ್ರಬಂಧ, ಇವುಗಳ ಸಾಲಿನಲ್ಲಿ ಮಾಜಾಂಗನ್ನು ನಾಲ್ಕನೆಯ ಪಿಡುಗು ಎಂದು ಆತ ಎಣಿಸಿದ. ಮೇಷ್ಟ್ರುಗಳಿಗೆ ಖುಷಿ ಕೊಡುವ ಲೆಕ್ಕ. ಆದರೆ ಹೂ ಷಿಯ ಹೆಂಡತಿಗೆ ಮಾಜಾಂಗ್ ಅಂದರೆ ಪ್ರಾಣ. ಮನೆಯಲ್ಲಿ ಆಟ ನಿಲ್ಲಲಿಲ್ಲ.

1949ರ ನಂತರ ಚೀನಾದ ಹೊಸ ಸರಕಾರ ಇದನ್ನು ಜೂಜೆಂದು ದೂರ ಇಟ್ಟಿತು. ಸಾಂಸ್ಕೃತಿಕ ಕ್ರಾಂತಿಯ ವರ್ಷಗಳಲ್ಲಂತೂ ಬಹಿರಂಗವಾಗಿ ಆಡುವ ಹಾಗಿರಲಿಲ್ಲ. 1980ರ ದಶಕದಲ್ಲಿ ಪೆಟ್ಟಿಗೆಗಳು ಮತ್ತೆ ಹೊರಬಂದವು. 1998ರಲ್ಲಿ ಅದೇ ಚೀನಾ ಸರಕಾರದ ಕ್ರೀಡಾ ಇಲಾಖೆ ಹಣ ಇಡದೆ ಆಡುವ ಸ್ಪರ್ಧೆಗಾಗಿ ನಿಯಮ ಅಚ್ಚು ಹಾಕಿತು. ಅಂಕ ಕೊಡುವ 81 ಬಗೆಗಳನ್ನು ಅದರಲ್ಲಿ ಪಟ್ಟಿ ಮಾಡಿತು. ಅಮೆರಿಕದಲ್ಲೂ ಹೀಗೆಯೇ. 1920ರ ದಶಕದ ಹುಚ್ಚು ಇಳಿದು ಹೋಯಿತು. ಒಂದೊಂದು ಮನೆಗೆ ಒಂದೊಂದು ನಿಯಮ ಆಗಿ ಜಗಳವೇ ಹೆಚ್ಚಾಗಿತ್ತು. 1937ರಲ್ಲಿ ನ್ಯೂಯಾರ್ಕಿನ ಕೆಲವು ಯಹೂದಿ ಹೆಂಗಸರು ಒಂದು ಸಂಘ ಕಟ್ಟಿ, ವರ್ಷ ವರ್ಷವೂ ನಿಯಮದ ಒಂದು ಕಾರ್ಡು ಅಚ್ಚು ಹಾಕತೊಡಗಿದರು. ಆ ಕಾರ್ಡು ಇಂದಿಗೂ ಬರುತ್ತಿದೆ. ನಮ್ಮ ದೇಶದಲ್ಲಿ ಕಲ್ಕತ್ತೆಯ ಚೀನೀ ಕುಟುಂಬಗಳಲ್ಲಿ, ಸೇನೆಯ ಅಧಿಕಾರಿಗಳ ಮನೆಯ ಹೆಂಗಸರಲ್ಲಿ ಈ ಆಟ ಉಂಟು.

ಎಲ್ಲ ಕಡೆಯೂ ನಾನು ಗಮನಿಸಿದ್ದು ಒಂದೇ. ಹುಚ್ಚು ಬಂದು ಹೋಗುತ್ತದೆ, ನಿಷೇಧ ಬಂದು ಹೋಗುತ್ತದೆ. ಆಟ ಉಳಿಯುವುದು ಮನೆಯಲ್ಲಿ ಪಕ್ಕದಲ್ಲಿ ಕೂರಿಸಿ ಕಲಿಸುವವರಿಂದ, ನಿಯಮ ಬರೆದಿಡುವವರಿಂದ. ಅದು ಹಳೆಯದೋ ಹೊಸತೋ ಎಂಬುದರಿಂದಲ್ಲ.

ಇದು ನನಗೆ ಚೆನ್ನಾಗಿ ಕಂಡದ್ದು ನಮ್ಮ ಮನೆಯ ಮೇಜಿನಲ್ಲೇ. ಆ ಮಳೆಗಾಲ ನಾಲ್ಕನೆಯವರು ಬೇಕಾದಾಗ ಎಪ್ಪತ್ತು ದಾಟಿದ ನನ್ನ ಅಕ್ಕನನ್ನು ಕೂರಿಸಿದೆವು. ಚೀನೀ ಅಕ್ಷರ ಅವಳಿಗೆ ಬೇಕಾಗಲಿಲ್ಲ. ಅಂಕೆ ನೋಡಿ ಆಡಿದಳು. ವಾರ ಕಳೆಯುವಷ್ಟರಲ್ಲಿ ಗೆಲ್ಲತೊಡಗಿದಳು. ಮೇಜಿನ ಮೇಲೆ ಯಾವ ಕಾಯಿ ಎಷ್ಟು ಬಿದ್ದಿದೆ ಅಂತ ಅವಳ ತಲೆಯಲ್ಲಿ ಇರುತ್ತಿತ್ತು. ಒಂದು ಸಂಖ್ಯೆಗೆ ನಾಲ್ಕೇ ಕಾಯಿ ಇರುವುದರಿಂದ ಮೂರು ಬಿದ್ದರೆ ಇನ್ನೊಂದನ್ನು ಕಾಯುವುದು ದಂಡ. ಹೇಗೆ ನೆನಪಿಡುತ್ತಿ ಅಂತ ಕೇಳಿದೆ. “ಚೆನ್ನೆಮಣೆ ಆಡಿದವರಿಗೆ ಇದೆಂತ ದೊಡ್ಡದು ತಮ್ಮಾ? ಹೋದದ್ದರ ಲೆಕ್ಕ ಇಟ್ಟುಕೊಂಡರೆ ಬರುವುದು ತಾನೇ ಗೊತ್ತಾಗ್ತದೆ” ಅಂದಳು. ಮಗಳು ಬಾಯಿ ತೆರೆದು ನೋಡಿದಳು. ಸಿಂಗಾಪುರದ ಅಜ್ಜಿಯ ಆಟ ಅವಳಿಗೆ ಬರುತ್ತದೆ, ತನ್ನ ಅಮ್ಮನ ಆಟ ಬರುವುದಿಲ್ಲ. ಅದರಲ್ಲಿ ಅವಳ ತಪ್ಪೇನೂ ಇಲ್ಲ. ಯಾರೂ ಅವಳನ್ನು ಕೂರಿಸಿ ಕಲಿಸಲಿಲ್ಲ, ಅಷ್ಟೆ.

ಚೆನ್ನೆಮಣೆ ನಮ್ಮಲ್ಲಿ ಆಟಿ ತಿಂಗಳ ಆಟ. ಹೊರಗೆ ಮಳೆ ಬಿಡದೆ ಸುರಿಯುವಾಗ ಜಗಲಿಯಲ್ಲಿ ಕೂತು ಹೆಂಗಸರು ಮಕ್ಕಳು ಆಡುತ್ತಿದ್ದದ್ದು. ಮಣೆಯಲ್ಲಿ ಎರಡು ಸಾಲು, ಸಾಲಿಗೆ ಏಳರಂತೆ 14 ಗುಳಿ. ಅದರಲ್ಲಿಯೂ ಆಟದ ಬಗೆಗಳು ಹಲವು, ಮನೆಯಿಂದ ಮನೆಗೆ ನಿಯಮದ ವ್ಯತ್ಯಾಸ ಉಂಟು. ಇದು ಎಷ್ಟು ಸಾವಿರ ವರ್ಷ ಹಳೆಯದು ಎಂಬ ಭಾಷಣ ಕೇಳಿದ್ದೇನೆ. ಹಳೆಯದೇ ಇರಬಹುದು. ಆದರೆ ಹೆಚ್ಚಿನ ಮನೆಗಳಲ್ಲಿ ಮಣೆ ಇರುವುದು ಅಟ್ಟದ ಮೇಲೆ. ಭಾಷೆಯ ವಿಷಯದಲ್ಲಿ ಗಡಿನಾಡಿನ ನಮಗೆ ಇದು ಹೊಸ ಪಾಠವಲ್ಲ. 1956ರ ನವೆಂಬರ್ 1ರಂದು ಗೆರೆ ಎಳೆದ ಮೇಲೂ ಈ ಊರುಗಳಲ್ಲಿ ಕನ್ನಡ ಉಳಿದದ್ದು ಅದಕ್ಕೆ ಎರಡು ಸಾವಿರ ವರ್ಷ ಆಗಿದೆ ಎಂಬ ಕಾರಣಕ್ಕಲ್ಲ. ಮನೆಯಲ್ಲಿ ಆಡುವವರು, ಶಾಲೆಯಲ್ಲಿ ಕಲಿಸುವವರು, ಇಂಥ ವಾಚನಾಲಯದ ಬಾಗಿಲು ದಿನಾ ತೆರೆಯುವವರು ಇದ್ದದ್ದರಿಂದ.

ಆದ್ದರಿಂದ ಓದುಗರಲ್ಲಿ, ಮುಖ್ಯವಾಗಿ ಶಾಲೆಯ ಮೇಷ್ಟ್ರು ಟೀಚರುಗಳಲ್ಲಿ ನನ್ನದೊಂದು ಕೋರಿಕೆ. ಬರುವ ಆಟಿ ತಿಂಗಳಲ್ಲಿ ನಿಮ್ಮ ನಿಮ್ಮ ಮನೆಯ ಹಿರಿಯರ ಹತ್ತಿರ ಚೆನ್ನೆಮಣೆಯ ಆಟಗಳನ್ನು ಕೇಳಿ, ಮಕ್ಕಳ ಕೈಯಲ್ಲೇ ಬರೆಸಿ. ಗುಳಿಗೆ ಎಷ್ಟು ಕಾಯಿ, ಎಲ್ಲಿಂದ ತೆಗೆಯುವುದು, ಯಾವಾಗ ನಿಲ್ಲಿಸುವುದು, ಗೆಲುವು ಯಾವಾಗ, ಆ ಮನೆಯಲ್ಲಿ ಅದಕ್ಕೆ ಏನು ಹೆಸರು. ಕಲಿಸಿದವರ ಹೆಸರನ್ನೂ, ಅವರು ಯಾರಿಂದ ಕಲಿತರು ಎಂಬುದನ್ನೂ ಬರೆಯಿರಿ. ಪಾಂಡವರ ಕಾಲದ್ದು ಅಂತ ಬರೆಯುವುದು ಬೇಡ. ಬರೆದ ಹಾಳೆಗಳನ್ನು ವಾಚನಾಲಯಕ್ಕೆ ತಂದುಕೊಟ್ಟರೆ ಒಂದು ಕಡತ ಮಾಡಿ ಇಡೋಣ. ಮಾಜಾಂಗ್ ಕಲಿಯಬೇಕೆಂಬ ಆಸೆ ಇದ್ದವರೂ ಬರಬಹುದು. ಪೆಟ್ಟಿಗೆ ನನ್ನ ಹತ್ತಿರವೇ ಉಂಟು. ಹಣ ಇಡುವ ಕ್ರಮ ಮಾತ್ರ ಇಲ್ಲ.